ನಿಂತಿದೆ ಎಂದರೆ ನಂಬದವರು

ನನ್ನ ಮುಟ್ಟು ನಿಂತದ್ದು ಊರಿಗೆಲ್ಲ ಗೊತ್ತಿತ್ತು, ಡಾಕ್ಟರೊಬ್ಬರನ್ನು ಬಿಟ್ಟು. ಇದು ತಮಾಷೆಯ ಮಾತಲ್ಲ. ಹಾನುಬಾಳಿನ ಹತ್ತಿರದ ನಮ್ಮ ಮನೆಯಲ್ಲಿ ತಿಂಗಳಿಗೆ ಮೂರು ದಿನ ಹೆಂಗಸರು ಒಳಗೆ ಬರುವಂತಿರಲಿಲ್ಲ. ಜಗಲಿಯ ತುದಿಗೆ ಒಂದು ಕೋಣೆ, ಅದರಲ್ಲಿ ಒಂದು ಚಾಪೆ, ಕಂಬಳಿ, ಬೇರೆ ತಟ್ಟೆ ಲೋಟ. ಕೂಲಿಯವರ ಲೈನು ಮನೆಗಳಿಂದ ಕೆಲಸಕ್ಕೆ ಬರುವ ಹೆಂಗಸರು, ಕಾಫಿ ನೋಡಲು ಬರುವ ವ್ಯಾಪಾರಿ, ಎಲ್ಲರೂ ಆ ಜಗಲಿ ದಾಟಿಯೇ ಬರಬೇಕು. ಯಾರು ಯಾವಾಗ ಹೊರಗಾಗಿದ್ದಾರೆ ಎನ್ನುವುದು ಯಾರೂ ಕೇಳದೆಯೇ ಎಲ್ಲರಿಗೂ ತಿಳಿಯುತ್ತಿತ್ತು. ಅಂಥದ್ದರಲ್ಲಿ ಒಬ್ಬಳು ತಿಂಗಳುಗಟ್ಟಲೆ ಆ ಕೋಣೆಗೆ ಕಾಲಿಡಲಿಲ್ಲವೆಂದರೆ ಕೇಳಬೇಕೇ?

ನನಗಾಗ ಮೂವತ್ತೇಳು. ಮಗಳು ಹೈಸ್ಕೂಲಿನಲ್ಲಿದ್ದಳು. ಮೊದಲು ಬಾಯಿ ಬಿಟ್ಟವಳು ಕಾಫಿ ಕುಯ್ಯಲು ಬರುತ್ತಿದ್ದ ಹೆಂಗಸು. “ಏನ್ ಅಮ್ಮಾರೆ, ಹುಣ್ಸೆಕಾಯಿ ತಂದ್ಕೊಡ್ಲಾ?” ಎಂದು ಕಿಸಕ್ಕನೆ ನಕ್ಕಳು. ಅತ್ತೆಯಂತೂ ಕೇಳಲೂ ಇಲ್ಲ, ಮೊಮ್ಮಗನೇ ಬರುತ್ತಾನೆ ಎಂದು ತೀರ್ಮಾನಿಸಿ ನನಗೆ ತುಪ್ಪ ಹಾಕಿ ಬಡಿಸತೊಡಗಿದರು. ಆ ಮನೆಯಲ್ಲಿ ನಾನು ಕಂಡ ಮರ್ಯಾದೆಯೆಲ್ಲ ಆ ಒಂದು ತಿಂಗಳಿನದು. ಸಕಲೇಶಪುರದಲ್ಲಿ ಪರೀಕ್ಷೆ ಮಾಡಿಸಿ ಬಸಿರಲ್ಲ ಎಂದು ತಿಳಿದ ಸಂಜೆಯೇ ನೀರಿನ ಕೊಡ ಮತ್ತೆ ನನ್ನ ಸೊಂಟಕ್ಕೆ ಬಂತು.

ಮುಟ್ಟು ನಿಂತದ್ದಷ್ಟೇ ಆಗಿದ್ದರೆ ಪೀಡೆ ತೊಲಗಿತು ಎಂದು ಸುಮ್ಮನಿರುತ್ತಿದ್ದೆನೇನೋ. ಆದರೆ ಒಳಗಿನಿಂದ ಉರಿ ಏಳುತ್ತಿತ್ತು. ಎದೆಯಲ್ಲಿ ಶುರುವಾಗಿ ಕುತ್ತಿಗೆ, ಕಿವಿ, ನೆತ್ತಿಯವರೆಗೆ ಹತ್ತುತ್ತಿತ್ತು. ಆಷಾಢದ ಚಳಿಗೆ ಮನೆಯವರೆಲ್ಲ ಬಚ್ಚಲ ಒಲೆಯ ಮುಂದೆ ಮುದುರಿ ಕುಳಿತಿದ್ದರೆ ನಾನು ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತ ಹಿತ್ತಲಲ್ಲಿ ನಿಂತಿರುತ್ತಿದ್ದೆ. ನಿದ್ದೆ ಎನ್ನುವುದು ಹಾಳಾಗಿ ಹೋಯಿತು. ಕೀಲುಕೀಲು ನೋವು. ಹಾಲು ಉಕ್ಕಿದರೆ ಅಳು, ಮಗಳು ಬಾಚಣಿಗೆ ಎಲ್ಲೋ ಇಟ್ಟು ಮರೆತರೆ ಕೆಂಡದಂಥ ಸಿಟ್ಟು. ಗಂಡ ಹತ್ತಿರ ಬಂದರೆ ಪ್ರಾಣ ಹೋಗುವಷ್ಟು ನೋವು, ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ನನ್ನನ್ನು ನಿಜವಾಗಿ ತಿಂದದ್ದು ಒಂದೇ ಭಯ: ನನಗೆ ಹುಚ್ಚು ಹಿಡಿಯುತ್ತಿದೆಯೇ? ಇಲ್ಲ, ಇದು ಇಂಥ ಕಾಯಿಲೆ ಎಂದು ತಿಳಿದವರೊಬ್ಬರು ಹೇಳಿದ್ದರೆ ಸಾಕಿತ್ತು. ನಾನು ಡಾಕ್ಟರ ಬಾಗಿಲಿಗೆ ಹೋದದ್ದು ಅಷ್ಟಕ್ಕೇ.

ನಮ್ಮ ಡಾಕ್ಟರು ಸಕಲೇಶಪುರದ ಪೇಟೆಯವರು. ಅವರಿಗೂ ಒಂದಿಷ್ಟು ತೋಟವಿತ್ತು, ಅದೇ ನನ್ನ ಕರ್ಮ. ಗಂಡನಿಲ್ಲದೆ ಹೋಗುವ ರೂಢಿ ನಮ್ಮಲ್ಲಿರಲಿಲ್ಲ. ಗಂಡ ಕುರ್ಚಿಯಲ್ಲಿ, ನಾನು ಸ್ಟೂಲಿನ ಮೇಲೆ. ಡಾಕ್ಟರು ಕೇಳಿದ್ದು ಕುರ್ಚಿಯವರನ್ನು.

“ಏನಂತೆ ಗೌಡ್ರೆ ಇವರಿಗೆ?”

“ಏನೋ ಮೈ ಉರಿ ಅಂತಾಳೆ ಡಾಕ್ಟ್ರೆ. ತಾನೂ ನಿದ್ದೆ ಮಾಡಲ್ಲ, ನಮಗೂ ಮಾಡಕ್ಕೆ ಬುಡಲ್ಲ.”

“ಮುಟ್ಟು ನಿಂತೋಗಿ ವರ್ಷದ ಹತ್ರ ಆಯ್ತು” ಎಂದೆ ನಾನು, ನೆಲ ನೋಡುತ್ತ.

ಡಾಕ್ಟರು ನಕ್ಕರು. “ಈ ವಯಸ್ಸಿಗೆಲ್ಲ ಯಾರಿಗಮ್ಮ ನಿಲ್ತದೆ? ಅದೆಲ್ಲ ಐವತ್ತರ ಹತ್ರ. ಯೋಚ್ನೆ ಕಮ್ಮಿ ಮಾಡಿ, ತಾನಾಗೇ ಬರ್ತದೆ. ರಕ್ತ ಕಮ್ಮಿ ಐತೆ, ಟಾನಿಕ್ ಬರೀತೀನಿ.” ಬರೆಯುತ್ತಲೇ ಗಂಡನ ಕಡೆ ತಿರುಗಿದರು. “ನಿಮ್ ಕಡೆ ಕಾಫಿಗೆ ಕಾಂಡಕೊರಕ ಹುಳ ಹೆಂಗೈತೆ?”

ಆಗ ನೋಡಬೇಕಿತ್ತು ಅವರ ವಿಚಾರಣೆಯನ್ನು! ಎಲೆ ಯಾವಾಗಿನಿಂದ ಹಳದಿಯಾಯಿತು? ಮರ ಕಡಿದು ನೆರಳು ತೆಗೆದಿರಾ? ಅಕ್ಕಪಕ್ಕದ ಗಿಡ ನೋಡಿದಿರಾ? ಬುಡದಿಂದ ಮೇಲಕ್ಕೆ ಕೈಯಾಡಿಸಿ ನೋಡಿ, ಹುಳ ಹೋದಲ್ಲಿ ಉಬ್ಬಿರುತ್ತದೆ. ಕಾಫಿ ಗಿಡದ ಮೈಮೇಲೆ ಕೈಯಾಡಿಸಲು ಹೇಳಿದ ಮನುಷ್ಯ ನನ್ನ ನಾಡಿಯನ್ನೂ ಹಿಡಿಯಲಿಲ್ಲ. ಮುಂದಿನ ಜನ್ಮವೊಂದಿದ್ದರೆ ಅರೇಬಿಕಾ ಗಿಡವಾಗಿ ಹುಟ್ಟಿಸಪ್ಪಾ ಎಂದು ಆ ಸ್ಟೂಲಿನ ಮೇಲೆ ಕುಳಿತೇ ಬೇಡಿಕೊಂಡೆ.

ಮತ್ತೆ ಹೋದೆವು, ಗ್ಯಾಸ್ಟ್ರಿಕ್ ಎಂದರು. ಮತ್ತೆ ಹೋದೆವು, ಟೆನ್ಷನ್ ಎಂದು ನಿದ್ದೆಯ ಗುಳಿಗೆ ಕೊಟ್ಟರು. ಅದನ್ನು ನುಂಗಿದರೆ ಮಧ್ಯಾಹ್ನದವರೆಗೂ ತಲೆ ಮಂಕು, ಸಾರಿಗೆ ಎರಡು ಸಲ ಉಪ್ಪು. ಕೊನೆಯ ಸಲ ನನ್ನೆದುರೇ ಗಂಡನಿಗೆ ಹೇಳಿದರು, “ಮನೇಲೇ ಕೂತಿರೋ ಹೆಂಗಸ್ರಿಗೆ ಹಿಂಗೆಲ್ಲ ಅನ್ನಿಸ್ತದೆ ಗೌಡ್ರೆ. ಕೈತುಂಬ ಕೆಲ್ಸ ಕೊಡಿ.” ಅಯ್ಯೋ ಶಿವನೇ! ಮನೆಮಂದಿಗೆ, ಆಳುಗಳಿಗೆ ಬೇಯಿಸಿ ಹಾಕಿ, ಕೊಟ್ಟಿಗೆ ಬಳಿದು, ಮೆಣಸು ಬಿಡಿಸಿ ಬಂದವಳಿಗೆ ಕೆಲಸ ಸಾಲದಂತೆ. ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಮನೆಯವರಿಗೆ ಮಾತ್ರ ನನ್ನ ಕಾಯಿಲೆ ಒಗ್ಗಿಹೋಯಿತು. ಮೂರು ದಿನ ಒಲೆಯ ಹತ್ತಿರ ಸುಳಿಯದವಳು ಈಗ ತಿಂಗಳು ಪೂರ್ತಿ ಕೈಗೆ ಸಿಗುತ್ತಾಳೆ. “ಬುಡವ್ವ, ಒಳ್ಳೇದೇ ಆಯ್ತು, ಹಬ್ಬ ಹುಣ್ಣಿಮೆಗೆ ಅಡ್ಡಿ ಇಲ್ಲ” ಎಂದರು ಅತ್ತೆ. ಅಕ್ಕಪಕ್ಕದವರೂ ದೇವರ ಕಾರ್ಯದ ಅಡಿಗೆಗೆ ನನ್ನನ್ನೇ ಕರೆಯತೊಡಗಿದರು, ಇವಳಾದರೆ ದಿನ ನೋಡಬೇಕಾಗಿಲ್ಲವಲ್ಲ. ಆ ಜಗಲಿ ಕೋಣೆಯನ್ನು ನಾನು ಮದುವೆಯಾದಾಗಿನಿಂದ ಶಪಿಸಿದ್ದೆ. ಆದರೆ ಬೆನ್ನು ನೆಲಕ್ಕೆ ತಾಗಿಸಿ ಹಗಲು ಹೊತ್ತು ಮಲಗಿದ್ದೇನಾದರೂ ಇದ್ದರೆ ಅಲ್ಲಿ ಮಾತ್ರ. ಅದೂ ಹೋಯಿತು. ಇವಳಿಗೆ ಔಷಧಿ ಬೇಕು ಎಂದು ಆ ಮನೆಯಲ್ಲಿ ಯಾರಿಗೆ ತಾನೇ ಅನ್ನಿಸೀತು?

ಮಗಳು ಹಾಸನದಲ್ಲಿ ಪಿಯುಸಿಗೆ ಸೇರಿದಳು. ಹಾಸ್ಟೆಲಿಗೆ ಬಿಡಲು ಹೋಗುವ ದಿನವೇ ತೋಟಕ್ಕೆ ಗೊಬ್ಬರದ ಲಾರಿ ಬಂದದ್ದರಿಂದ ಗಂಡ ಬರಲಿಲ್ಲ. ಮಗಳನ್ನು ಬಿಟ್ಟು, ದಾರಿಯಲ್ಲಿ ಕಂಡ ಒಬ್ಬ ಲೇಡಿ ಡಾಕ್ಟರ ಬೋರ್ಡು ನೋಡಿ ಒಳಗೆ ಹೋದೆ. ಹೆಂಗಸಾದ್ದರಿಂದ ಅರ್ಥವಾಗುತ್ತದೆ ಎಂದುಕೊಂಡಿದ್ದೆ. ಅವರ ಮೊದಲ ಮಾತು, “ಯಜಮಾನ್ರು ಬಂದಿಲ್ವಾ?”

“ಕಾಯಿಲೆ ನಂಗೆ” ಎಂದೆ.

ಹೇಳಿದ್ದನ್ನು ಅರ್ಧ ಕೇಳಿ ಅವರೂ ಪೆನ್ನು ಎತ್ತಿಕೊಂಡರು. ವೀಕ್‌ನೆಸ್ ಎಂದರು. ಆ ಕ್ಷಣಕ್ಕೆ ನನ್ನಲ್ಲಿ ಅದೇನು ಬಂತೋ. “ಟಾನಿಕ್ ಬರೀಬೇಡಿ ಅಮ್ಮ, ಮನೇಲಿ ಸಾಲಾಗಿ ನಿಂತವೆ. ನಂಗೆ ಮುಟ್ಟು ನಿಂತೈತೆ. ಯಾಕೆ ಅಂತ ರಕ್ತ ಪರೀಕ್ಷೆ ಬರೆದ್ಕೊಡಿ. ಅಲ್ಲೀಗಂಟ ಈ ಕುರ್ಚಿಯಿಂದ ಏಳಲ್ಲ” ಎಂದೆ. ಹೊರಗೆ ಜನ ಕಾಯುತ್ತಿದ್ದರು. ಒಳಗೆ ಬಂದ ನರ್ಸ್ ನನ್ನ ತೋಳು ಮುಟ್ಟಿದಳು, ನಾನು ಅಲುಗಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು ಮೊದಲ ಸಲ ನನ್ನ ಮುಖ ನೋಡಿದರು.

“ನಿಮ್ಮ ತಾಯಿಗೆ ಯಾವ ವಯಸ್ಸಿಗೆ ನಿಂತಿದ್ದು?”

ನನಗೆ ಗೊತ್ತಿರಲಿಲ್ಲ. ಅವ್ವ ಸತ್ತು ಆಗಲೇ ಎಷ್ಟೋ ಕಾಲವಾಗಿತ್ತು, ಇಂಥದ್ದನ್ನು ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಅವಳೂ ಒಲೆಯ ಮುಂದಿನಿಂದ ಎದ್ದು ಎದ್ದು ಹೊರಗೆ ಹೋಗುತ್ತಿದ್ದದ್ದು, ಅಪ್ಪ ಬೈಯುತ್ತಿದ್ದದ್ದು ನೆನಪಾಯಿತು. ಎರಡು ವರ್ಷದಲ್ಲಿ ನನ್ನನ್ನು ಯಾರಾದರೂ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ. ಅಲ್ಲೇ ಕುಳಿತು ಗೊಳೋ ಎಂದು ಅತ್ತುಬಿಟ್ಟೆ.

ಪರೀಕ್ಷೆಯಾಯಿತು. ಅಂಡಾಶಯ ಬೇಗನೆ ಕೆಲಸ ನಿಲ್ಲಿಸಿದೆ, ಹೀಗೇ ಬಿಟ್ಟರೆ ಮೂಳೆ ಸವೆಯುತ್ತದೆ, ಇನ್ನೂ ಕೆಲವು ವರ್ಷ ಗುಳಿಗೆ ತೆಗೆದುಕೊಳ್ಳಬೇಕು, ಅದರಿಂದ ತಿಂಗಳಿಗೊಮ್ಮೆ ಸ್ವಲ್ಪ ಸ್ರಾವವಾಗುತ್ತದೆ ಎಂದರು. “ತಲೆ ಕೆಟ್ಟಿಲ್ವಲ್ಲ ಅಮ್ಮ?” ಎಂದು ಕೇಳಿದೆ. “ಖಂಡಿತ ಇಲ್ಲ. ಆದ್ರೆ ಮೊದ್ಲೇ ಬರಬೇಕಿತ್ತು” ಎಂದರು. ಬಂದಿದ್ದೆನಲ್ಲ, ಬೇರೆ ಬಾಗಿಲಿಗೆ!

ಗುಳಿಗೆ ಶುರು ಮಾಡಿದ ಕೆಲವು ವಾರಕ್ಕೆ ಉರಿ ಇಳಿಯಿತು. ನಿದ್ದೆ ಬಂತು. ಹಿಂದೆಯೇ ಮುಟ್ಟೂ ಬಂತು. ಅಭ್ಯಾಸಬಲ ನೋಡಿ, ನಾನೇ ಎದ್ದು ಹೋಗಿ ಜಗಲಿ ಕೋಣೆಯಲ್ಲಿ ಕುಳಿತೆ. ಅತ್ತೆ ಹಣೆ ಚಚ್ಚಿಕೊಂಡರು. “ನಿಂತೋಗಿದ್ದ ಮುಟ್ನ ದುಡ್ಡು ಕೊಟ್ಟು ಬರಿಸ್ಕೊಂಡು ಬಂದವ್ಳೆ ನೋಡು ಮಾರಾಯ!” ಎಂದು ಮಗನಿಗೆ ಹೇಳಿದರು. ಹಾಗೇ ಕೆಲವು ತಿಂಗಳು ಗೊಣಗಾಟದಲ್ಲೇ ಕಳೆಯಿತು. ಯುಗಾದಿ ಹತ್ತಿರ ಬಂತು. ಲೆಕ್ಕ ಹಾಕಿದರೆ ನಾನು ಹಬ್ಬದ ದಿನಕ್ಕೇ ಹೊರಗೆ. ಗಂಡ ಜೀಪು ತೆಗೆದುಕೊಂಡು ಸಕಲೇಶಪುರಕ್ಕೆ ಹೋಗಿ ಊಟದ ಹೊತ್ತಿಗೆಲ್ಲ ವಾಪಸ್ಸು ಬಂದು ನನ್ನ ಮುಂದೆ ಒಂದು ಮಾತ್ರೆಯ ಪೊಟ್ಟಣ ಇಟ್ಟರು.

“ಇವತ್ತಿಂದ ನುಂಗು. ಹಬ್ಬ ಮುಗಿಯೋಗಂಟ ಮುಂದಕ್ಕೆ ಹೋಯ್ತದಂತೆ. ಆಮೇಲೆ ಆ ಹಾಸನದ್ದೂ ಬುಟ್ಬುಡು, ಬ್ಯಾಡ ಅಂದ್ರು ಡಾಕ್ಟ್ರು.”

“ನನ್ನ ನೋಡ್ದಲೆ?”

“ನಿನ್ನ ಯಾಕೆ ನೋಡ್ಬೇಕು? ನಾನು ಹೇಳಿದ್ನಲ್ಲ.”

ನಿಂತಿದೆ ಎಂದು ನಾನು ಎರಡು ವರ್ಷ ಬಾಯಿ ಬಡಿದುಕೊಂಡರೂ ಆ ಡಾಕ್ಟರಿಗೆ ಕೇಳಿಸಿರಲಿಲ್ಲ. ಬಂದಿದೆ ಎಂದು ನನ್ನ ಗಂಡ ಒಂದು ಸಲ ಹೇಳಿದ್ದು ತಕ್ಷಣ ಕೇಳಿಸಿತು. ಔಷಧಿಯೂ ಸಿಕ್ಕಿತು. ಮೈಯೆಲ್ಲ ಉರಿದುಹೋಯಿತು ನನಗೆ, ಈ ಸಲ ಕಾಯಿಲೆಯಿಂದಲ್ಲ.

“ಇದ್ನ ನೀವೇ ನುಂಗಿ” ಎಂದು ಪೊಟ್ಟಣವನ್ನು ಅವರ ಅಂಗಿಯ ಜೇಬಿಗೆ ತುರುಕಿದೆ. “ಹಾಸನದ ಗುಳಿಗೆ ಬುಡಲ್ಲ. ಇನ್ಮೇಲೆ ಹೊರಗೂ ಕೂರಲ್ಲ.”

ಯುಗಾದಿಯ ಬೆಳಿಗ್ಗೆ ಎಣ್ಣೆ ಸ್ನಾನ ಮಾಡಿ, ಇವತ್ತು ನನಗೆ ಎರಡನೇ ದಿನ ಎಂದು ಎಲ್ಲರಿಗೂ ಕೇಳುವಂತೆ ಹೇಳಿಯೇ ಅಡಿಗೆಮನೆಗೆ ಹೋದೆ. ಅತ್ತೆ ಒಂದು ಲೋಟ ನೀರನ್ನೂ ಕುಡಿಯದೆ ಬಸ್ಸು ಹತ್ತಿ ಯಸಳೂರಿನ ಮಗಳ ಮನೆಗೆ ಹೊರಟುಹೋದರು. ಹಬ್ಬಕ್ಕೆ ಬಂದಿದ್ದ ನನ್ನ ಮಗಳು ಒಲೆಯ ಪಕ್ಕದಲ್ಲೇ ಕುಳಿತು ಬಿಸಿ ಒಬ್ಬಟ್ಟು ತಿಂದಳು. ಗಂಡ ಹೊಸ್ತಿಲವರೆಗೆ ಬಂದು, ಒಬ್ಬಟ್ಟಿನ ವಾಸನೆಗೆ ಸ್ವಲ್ಪ ಹೊತ್ತು ನಿಂತು, ತಿರುಗಿ ಹೋದರು. ಜೀಪು ಹೊರಟ ಸದ್ದು ಕೇಳಿಸಿತು.

ಸಂಜೆ ಬಂದಾಗ ಎಲ್ಲಿ ಉಂಡಿರಿ ಎಂದು ಕೇಳಿದೆ. ಆನೇಮಹಲ್ ರಸ್ತೆಬದಿಯ ಹೋಟೆಲಿನಲ್ಲಿ ಎಂದರು. ಆ ಹೋಟೆಲು ನನಗೂ ಗೊತ್ತು. ಅಲ್ಲಿ ಬೇಯಿಸುವವರು ಇಬ್ಬರು ಹೆಂಗಸರು.

“ಅವ್ರಿಗೆ ಇವತ್ತು ಎಷ್ಟನೇ ದಿನ ಅಂತ ಕೇಳಿದ್ರಾ?” ಎಂದೆ.

ಅವರು ನನ್ನನ್ನು ದುರುಗುಟ್ಟಿ ನೋಡಿದರು. “ನಿಂಗೆ ತಲೆ ಕೆಟ್ಟೈತೆ ಕಣೇ” ಎಂದರು.

“ಇಲ್ಲ,” ಎಂದೆ. “ಪರೀಕ್ಷೆ ಮಾಡಿಸ್ಕೊಂಡು ಬಂದಿದೀನಿ.”