ಆಮೆ ನೋಡಲು ಹೊರಟ ಅಕ್ಕ

ಅರವತ್ತೆಂಟನೇ ವಯಸ್ಸಿನಲ್ಲಿ ನಮ್ಮಕ್ಕ ಆಮೆ ಮೊಟ್ಟೆ ಇಡುವುದನ್ನು ನೋಡಲೇಬೇಕೆಂದು ಹಟ ಹಿಡಿದಳು. ಕೆರೆಯ ಆಮೆಯಲ್ಲ, ಕಡಲಾಮೆ. ಅದೂ ಅಂಡಮಾನಿನ ಉತ್ತರದ ತುದಿಯಲ್ಲಿ, ವಿಮಾನದಿಂದ ಇಳಿದ ಮೇಲೂ ಇಡೀ ದಿನ ಬಸ್ಸು, ದೋಣಿ ಎಂದು ಅಲೆದು ಮುಟ್ಟಬೇಕಾದ ಒಂದು ಮರಳ ದಂಡೆಯಲ್ಲಿ. ತಿರುಪತಿ, ಧರ್ಮಸ್ಥಳ ಬಿಟ್ಟು ಆಚೆಗೆ ಹೋದವಳಲ್ಲ, ಸಮುದ್ರವನ್ನೇ ಕಂಡವಳಲ್ಲ. ನಾನು ಬಿದ್ದು ಬಿದ್ದು ನಕ್ಕೆ.

ಅಕ್ಕ ನರ್ಸು. ವೈ.ಎನ್.ಹೊಸಕೋಟೆಯ ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿ ಮಾಡಿಸಿ ನಿವೃತ್ತಳಾಗಿ, ಪಾವಗಡದಲ್ಲಿ ಒಂದು ಚಿಕ್ಕ ಮನೆ ಮಾಡಿಕೊಂಡಿದ್ದಳು. ನನಗೆ ಆರು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಕ್ಕನಿಗೆ ಆಗ ಹತ್ತೊಂಬತ್ತು. ಅವಳಿಗೆ ಮದುವೆಯಾಗಲಿಲ್ಲ ಎಂದು ಜನ ಹೇಳುತ್ತಾರೆ. ನನ್ನಿಂದಾಗಿ ಆಗಲಿಲ್ಲ ಎನ್ನುವುದು ಸರಿ. ನನ್ನನ್ನು ಓದಿಸಿ, ಮಧುಗಿರಿಯಲ್ಲಿ ಮೇಷ್ಟ್ರಮ್ಮನ ಕೆಲಸಕ್ಕೆ ಸೇರಿಸಿ, ಮದುವೆ ಮಾಡಿ, ನನ್ನ ಬಾಣಂತನವನ್ನೂ ಮಾಡಿದವಳು ಅವಳು. ನನಗೆ ಅಮ್ಮನ ಮುಖ ನೆನಪಿಲ್ಲ, ಅಕ್ಕನ ಮುಖವೇ ಅಮ್ಮನದು.

ಆಮೆಯ ಹುಚ್ಚು ಹತ್ತಿದ್ದು ಮೊಬೈಲಿನಿಂದ. ಒಂದು ಭಾನುವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಡಿಯೊ ತೋರಿಸಿದಳು.

"ನೋಡಮ್ಮ, ನೂರು ಮೊಟ್ಟೆ ಇಕ್ತದೆ. ಮರಳು ಮುಚ್ಚಿ, ತಿರುಗೂ ನೋಡ್ದಂಗೆ ನೀರಿಗೆ ಹೊಂಟೋಯ್ತದೆ. ಎಂಥ ಪುಣ್ಯಾತ್ಗಿತ್ತಿ ಕಣಮ್ಮ!"

"ಮರಿಗಳ ಗತಿ?" ಎಂದೆ.

"ಅವು ಬದುಕ್ಕಂತವೆ ಬುಡು. ಎಲ್ಲಾನೂ ತಾಯೇ ನೋಡ್ಕಂಡು ಕುಂತ್ರೆ ಹೆಂಗೆ?"

ಅವಳ ದನಿಯಲ್ಲಿ ಹೊಟ್ಟೆಕಿಚ್ಚಿತ್ತು. ನಾನು ಅದನ್ನು ತಮಾಷೆ ಎಂದುಕೊಂಡೆ.

ಒಂದು ವರ್ಷ ತಯಾರಿ ನಡೆಯಿತು. ಗರ್ಭಿಣಿಯರ ವಿವರ ಬರೆದು ಬರೆದು ಕೈ ಪಳಗಿದ್ದರಿಂದ ಆಮೆಯ ವಿವರವನ್ನೂ ಅವಳು ಹಾಗೆಯೇ ಒಂದು ಪುಸ್ತಕದಲ್ಲಿ ಬರೆದಳು. ಹೆರಿಗೆ ಕಾಲ: ಡಿಸೆಂಬರಿನಿಂದ ಫೆಬ್ರವರಿ. ಸ್ಥಳ: ಮರಳು. ಬಾಣಂತನ: ಇಲ್ಲ. ಆ "ಇಲ್ಲ" ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದಳು. ಬಿಳಿ ಬೆಳಕು ಕಂಡರೆ ಆಮೆ ಬೆದರಿ ವಾಪಸ್ಸು ಹೋಗುತ್ತದೆ, ಕೆಂಪು ಬೆಳಕಾದರೆ ಅಷ್ಟಾಗಿ ಬೆದರುವುದಿಲ್ಲ ಎಂದು ಎಲ್ಲೋ ಓದಿ, ಟಾರ್ಚಿನ ಗಾಜಿಗೆ ಕೆಂಪು ಬಣ್ಣದ ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದಳು. ಮರಳಿನಲ್ಲಿ ನಡೆದು ರೂಢಿಯಾಗಲಿ ಎಂದು ಸಂಜೆ ಹೊತ್ತು ಊರಾಚೆಯ ಒಣ ಹಳ್ಳಕ್ಕೆ ಹೋಗಿ ಬರಿಗಾಲಲ್ಲಿ ನಡೆಯುತ್ತಿದ್ದಳು.

ನಮ್ಮ ಕಡೆ ಕತ್ತಲಾಗುವ ಹೊತ್ತಿನಲ್ಲಿ ಯಾರಾದರೂ ಟಾರ್ಚು ಹಿಡಿದು ನೆಲ ನೋಡುತ್ತಾ ನಡೆದರೆ ಜನಕ್ಕೆ ಹೊಳೆಯುವುದು ಒಂದೇ: ನಿಧಿ. ಒಂದು ಸಂಜೆ ನಾಲ್ಕು ಜನ ದೊಣ್ಣೆ ಹಿಡಿದು ಬಂದು ಸುತ್ತುವರಿದರಂತೆ. ಅಕ್ಕ ಟಾರ್ಚನ್ನು ಅವರ ಮುಖಕ್ಕೇ ಬಿಟ್ಟು, "ಲೇ, ನಿಮ್ಮಲ್ಲಿ ಇಬ್ರನ್ನ ಭೂಮಿಗೆ ತಂದೋಳು ನಾನು. ನನಗೇ ದೊಣ್ಣೆ ತೋರಿಸ್ತೀರೇನ್ಲಾ?" ಎಂದಳಂತೆ. ಅವರೇ ಮನೆತನಕ ಬಿಟ್ಟು ಹೋದರು. ಇದನ್ನು ಹೇಳಿ ಹೇಳಿ ನಗುತ್ತಿದ್ದಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಪಾವಗಡದ ಆಚೆ ವಳ್ಳೂರಿನ ಕಡೆ ಹೋದಾಗ ಸೋಲಾರ್ ಪಾರ್ಕಿನ ಹಲಗೆಗಳು ದೂರಕ್ಕೆ ನೀರು ನಿಂತ ಹಾಗೆ ಕಾಣುತ್ತವೆ. ಬಸ್ಸಿನ ಕಿಟಕಿಯಿಂದ ಅದನ್ನೇ ನೋಡುತ್ತಾ, "ಸಮುದ್ರ ಇಂಗೇ ಇರ್ತದೇನೋ ಕಣಮ್ಮ" ಎನ್ನುತ್ತಿದ್ದಳು. "ಇನ್ನೆರಡು ತಿಂಗಳು ತಡಿ, ನಿಜವಾದದ್ದೇ ನೋಡುವೆಯಂತೆ" ಎಂದು ನಾನೂ ಹುಮ್ಮಸ್ಸಿನಲ್ಲಿ ಮಾತು ಕೊಟ್ಟೆ. ನನಗೆ ರಜೆ ಸಿಕ್ಕಿತು. ಜನವರಿ ಕೊನೆಗೆ ಬೆಂಗಳೂರಿನಿಂದ ಇಬ್ಬರಿಗೂ ವಿಮಾನದ ಟಿಕೆಟ್ ಆಯಿತು. ತುಮಕೂರಿನಲ್ಲಿದ್ದ ನನ್ನ ಮಗಳಿಗೆ ಚೊಚ್ಚಲ ಹೆರಿಗೆಯ ದಿನ ಹೇಳಿದ್ದು ಯುಗಾದಿಯ ಹೊತ್ತಿಗೆ. ಅಷ್ಟರಲ್ಲಿ ಹೋಗಿ ಬಂದು ಅವಳನ್ನು ತವರಿಗೆ ಕರೆತರುವುದೆಂದು ಲೆಕ್ಕ ಹಾಕಿದ್ದೆವು.

ಹೊರಡುವ ದಿನ ಬೆಳಿಗ್ಗೆ ಮಗಳಿಗೆ ನೋವು ಬಂತು. ದಿನ ತುಂಬುವ ಎಷ್ಟೋ ಮುಂಚೆಯೇ ಮಗು ಹುಟ್ಟಿಬಿಟ್ಟಿತು, ಗಂಡು. ನಮ್ಮ ಯಜಮಾನರು ತುಮಕೂರಿಗೆ ಓಡಿದರು. ಬೀಗಿತ್ತಿ ಫೋನು ಮಾಡಿ, "ಕೂಸು ಸಣ್ಣಕ್ಕೈತೆ, ಕಾವಿನ ಪೆಟ್ಟಿಗೇಲಿ ಇಟ್ಟವ್ರೆ. ಆದ್ರೂ ಡಾಕ್ಟ್ರು ಭಯ ಇಲ್ಲ ಅಂದ್ರು. ನಾನಿದ್ದೀನಿ, ನೀವು ಗಾಬರಿ ಆಗ್ಬೇಡಿ" ಎಂದರು. ಒಳ್ಳೆಯ ಹೆಂಗಸು, ಮೂರು ಮೊಮ್ಮಕ್ಕಳನ್ನು ಎತ್ತಿ ಆಡಿಸಿದವರು. ಆದರೆ ನಾನು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಪಾವಗಡದಿಂದ ಬೆಂಗಳೂರಿಗೆ ಹೋಗುವ ಬಸ್ಸು ಮಧುಗಿರಿಯ ಮೇಲೆಯೇ ಹೋಗಬೇಕು. ಅಕ್ಕ ಅಲ್ಲಿ ಹತ್ತಿ ಸೀಟು ಹಿಡಿದುಕೊಂಡು ಬರುವುದು, ನಾನು ಇಲ್ಲಿ ಹತ್ತುವುದು ಎಂದು ಮಾತಾಗಿತ್ತು. ಮಧ್ಯಾಹ್ನ ಬಸ್ಸು ಬಂದಾಗ ಅವಳು ಕಿಟಕಿಯ ಪಕ್ಕ ಕೂತಿದ್ದಳು. ಹೊಸ ಸೀರೆ, ಹೊಸ ಕ್ಯಾನ್ವಾಸ್ ಶೂ. ಪಕ್ಕದ ಸೀಟಿನ ಮೇಲೆ ನನಗಾಗಿ ಟವೆಲ್ ಹಾಸಿದ್ದಳು. ಚೀಲ ಇಲ್ಲದೆ ನಿಂತಿದ್ದ ನನ್ನನ್ನು ನೋಡಿ ಅವಳ ನಗು ಅರ್ಧಕ್ಕೇ ನಿಂತಿತು.

ಫೋನಿನಲ್ಲಿ ಹೇಳಲಾಗದೆ ಇಟ್ಟುಕೊಂಡಿದ್ದ ವಿಷಯವನ್ನು ಆಗ ಹೇಳಿದೆ. ಎಷ್ಟು ತೂಕ, ಅತ್ತಿತೇ, ಎಂದು ಕೇಳಿದಳು. ಅಷ್ಟಾದ ಮೇಲೆ ನಾನು ಹೇಳಬೇಕಾದ ಮಾತು ಒಂದೇ ಇತ್ತು: ನೀನು ಹೋಗಿ ಬಾ ಅಕ್ಕ. ಅಂಡಮಾನಿನಲ್ಲಿ ಕರೆದುಕೊಂಡು ಹೋಗಲು ಜನ ಇದ್ದರು, ತಂಗುವ ಮನೆ ಗೊತ್ತಾಗಿತ್ತು, ಹತ್ತೇ ದಿನದ ಮಾತು. ನಾನು ಅಂದದ್ದು, "ಇಳಿ ಅಕ್ಕ."

ಒಂದು ಗಳಿಗೆ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡು ಕೂತಿದ್ದಳು. ಕಂಡಕ್ಟರ್ ಸೀಟಿ ಊದಿದ. ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡು, ಚೀಲ ಎತ್ತಿಕೊಂಡು ಇಳಿದಳು. ಬಸ್ಸು ಬೆಂಗಳೂರಿನ ದಾರಿ ಹಿಡಿಯಿತು. ನಾವು ತುಮಕೂರಿನ ಬಸ್ಸು ಹತ್ತಿದೆವು.

ಆ ಮಗುವನ್ನು ಅಕ್ಕ ಸಾಕಿದ ರೀತಿಯನ್ನು ಏನೆಂದು ಹೇಳಲಿ? ಮಧುಗಿರಿಗೆ ಕರೆತಂದ ಮೇಲೆ ಕೂಸನ್ನು ಎದೆಗವಚಿ, ಸೆರಗಿನಿಂದ ಕಟ್ಟಿಕೊಂಡು ಕಾವು ಕೊಟ್ಟಳು. ಕಿಟಕಿ ಮುಚ್ಚಿದ ಬಾಣಂತಿ ಕೋಣೆ ಹಗಲಲ್ಲೂ ಕತ್ತಲೆ. ಮಗುವಿನ ಕಣ್ಣಿಗೆ ಹೊಡೆಯದಿರಲೆಂದು ಅದೇ ಕೆಂಪು ಟಾರ್ಚು ಹಿಡಿದು ಅದರ ಮೂಗು, ಉಗುರು, ಉಸಿರು ನೋಡುತ್ತಿದ್ದಳು. ಆ ಬೆಳಕು ಎಲ್ಲಿಗೆಂದು ತಯಾರಾಗಿತ್ತು ಎಂದು ನೆನಪಾದಾಗಲೆಲ್ಲ ನಾನು ಕೋಣೆಯಿಂದ ಹೊರಗೆ ಬರುತ್ತಿದ್ದೆ. ಒಮ್ಮೆ ಮಾತ್ರ, "ಮುಂದಿನ ವರ್ಷ ಖಂಡಿತ ಹೋಗೋಣ" ಎಂದೆ. "ಹೂಂ, ಆಮೆ ಎಲ್ಲಿಗೋಯ್ತದೆ ಬುಡು" ಎಂದಳು.

ಆಷಾಢದಲ್ಲಿ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಈಗ ನಮ್ಮ ಮನೆಯಲ್ಲೇ, ಅದೇ ಕೋಣೆಯಲ್ಲಿ ಇದ್ದಾಳೆ. ಬಾಯಿಂದ ಹೊರಡುವುದು ಎರಡೇ, ಹೂಂ ಮತ್ತು ಉಹೂಂ. ಆದರೆ ಬುದ್ಧಿಗೆ ಏನೂ ಆಗಿಲ್ಲ. ಕಾಫಿಗೆ ಹೂಂ, ಔಷಧಕ್ಕೆ ಉಹೂಂ. ಒಂದು ದಿನವೂ ಹೂಂ ಬದಲು ಉಹೂಂ, ಉಹೂಂ ಬದಲು ಹೂಂ ಅಂದವಳಲ್ಲ.

ಮತ್ತೆ ಜನವರಿ ಬಂದಿದೆ. ಮೊನ್ನೆ ಮಗಳು ಮಗುವನ್ನು ಕರೆದುಕೊಂಡು ಬಂದಿದ್ದಳು. ಮಂಚ ಹಿಡಿದು ನಿಲ್ಲುವಷ್ಟಾಗಿರುವ ಅವನು ಆ ಕೆಂಪು ಟಾರ್ಚನ್ನು ಎಲ್ಲಿಂದಲೋ ಎಳೆದು ತಂದು ನೆಲಕ್ಕೆ ಬಡಿಯುತ್ತಿದ್ದ. ಅಕ್ಕ ಅದನ್ನೇ ನೋಡುತ್ತಿದ್ದಳು. ಅವರು ಹೋದ ಮೇಲೆ ನಾನು ಕಾಫಿ ತಂದಿಟ್ಟು ಅವಳ ಪಕ್ಕ ಕೂತು, ಇಡೀ ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ.

"ಅಕ್ಕ, ಅವತ್ತು ನಾನು ನಿನ್ನ ಬಸ್ಸಿಂದ ಇಳಿಸಬಾರ್ದಿತ್ತು, ಅಲ್ವಾ?"

ಉಹೂಂ ಎನ್ನುತ್ತಾಳೆ ಎಂಬ ಧೈರ್ಯದಿಂದಲೇ ಕೇಳಿದ್ದೆ. ಜೀವಮಾನವಿಡೀ ನನ್ನ ಎಲ್ಲ ತಪ್ಪುಗಳನ್ನೂ ಹೊಟ್ಟೆಗೆ ಹಾಕಿಕೊಂಡವಳು.

"ಹೂಂ" ಎಂದಳು.

ಅವಳ ಕಣ್ಣು ತುಂಬಿಕೊಂಡಿತ್ತು. ಎಡಗೈ ಚಾಚಿ ನನ್ನ ಕೈಯನ್ನು ಹಿಡಿದುಕೊಂಡಳು, ಕಾಫಿ ಆರಿ ಹೋಗುವವರೆಗೂ ಬಿಡಲಿಲ್ಲ.