ಸೋಮಿಗೆ ಬಾರದ ವೀಳ್ಯ

ಸಂತೆಗುಳಿಯ ನಮ್ಮ ಹಾಲಕ್ಕಿ ಕೇರಿಯಲ್ಲಿ ಸೋಮಿ ಹಾಡದೆ ಯಾವ ಹೆಣ್ಣಿಗೂ ಧಾರೆಯಾದದ್ದಿಲ್ಲ. ಅವಳು ಸಾಲು ಎತ್ತಿಕೊಡುವವಳು, ನಾನು ಹಿಂದೆ ಹೇಳುವವಳು. ಮದುವೆ ಗೊತ್ತಾದರೆ ಊರಗೌಡರು ಮನೆಮನೆಗೆ ಕರೆ ಮುಟ್ಟಿಸುವ ಕೋಲುಕಾರನ ಕೈಯಲ್ಲಿ ಅವಳಿಗೆ ವೀಳ್ಯ ಕಳಿಸಬೇಕು. ವೀಳ್ಯ ಬಂದರೆ ಜ್ವರವಿದ್ದರೂ ಎದ್ದು ಬರುತ್ತಾಳೆ. ಬಾರದಿದ್ದರೆ ಚಪ್ಪರದಲ್ಲಿ ಬಾಯಿ ತೆರೆಯುವುದಿಲ್ಲ.

ಈಗ ಕೋಲುಕಾರನ ಕೋಲು ಅಟ್ಟ ಸೇರಿದೆ. ಗೌಡರು ಎಲ್ಲವನ್ನೂ ವಾಟ್ಸಾಪ್ ಗುಂಪಿಗೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಸೋಮಿಯ ಹತ್ತಿರ ಮೊಬೈಲೇ ಇಲ್ಲ. ಪಕ್ಕದ ಮನೆಯ ಪವಿತ್ರಾ ಅವಳು ಎತ್ತಿ ಆಡಿಸಿದ ಕೂಸು. ಆ ಕೂಸಿನ ಮದುವೆಗೂ ವೀಳ್ಯ ಬರಲಿಲ್ಲ. ಸೋಮಿ ಹೊಸಿಲಲ್ಲಿ ಕೂತು ದಾರಿ ನೋಡುತ್ತಿದ್ದಳು. ಪವಿತ್ರಾಳ ಅಣ್ಣ ಸಂಜಯನನ್ನು ತಡೆದು ಕೇಳಿದೆ.

"ಕರೀಬೇಕು ಎಂತಕ್ಕೆ ಚಿಕ್ಕಿ? ಉಮಾನ ಮದುವೇಲಿ ಅಜ್ಜಿ ಹಾಡಿದ್ದು ಮೊಬೈಲಲ್ಲೇ ಅದೆ. ಅವಳು ಊಟಕ್ಕೆ ಬಂದ್ರೆ ಆತು."

ಗೌಡರೂ ತಲೆಯಾಡಿಸಿದರಂತೆ. ಥೂ, ಇವರ ಗೌಡಿಕೆಗೆ ಬೆಂಕಿ ಬೀಳಲಿ!

ಧಾರೆಯ ಹೊತ್ತಿಗೆ ಸ್ಪೀಕರಿನಿಂದ ಸೋಮಿಯ ದನಿ ಎದ್ದಿತು. ಸೋಮಿ ಕಂಬಕ್ಕೊರಗಿ ನಿಂತಿದ್ದಳು. ಧಾರೆಯ ಹಾಡಿನಲ್ಲಿ ಮದುಮಕ್ಕಳ ಹೆಸರು ಹಿಡಿದು ಹರಸುವುದು ನಮ್ಮ ಪದ್ಧತಿ. ಆ ಮೂಢ ಸಂಜಯನಿಗೆ ಅದು ನೆನಪಾಗಲಿಲ್ಲ. ಪವಿತ್ರಾಳ ಕೈ ಮದುಮಗ ದಿವಾಕರನ ಕೈಯಲ್ಲಿತ್ತು. ಸ್ಪೀಕರು ಮಾತ್ರ ಉಮಾ, ಗಣಪ ನೂರು ಕಾಲ ಬಾಳಲಿ ಎಂದು ಒದರಿತು. ಉಮಾಳ ಗಂಡ ಗಣಪ ಹೋದ ಮಳೆಗಾಲದಲ್ಲೇ ಹೊಳೆಪಾಲಾಗಿದ್ದಾನೆ. ಹೆಂಗಸರ ನಡುವೆ ಕೂತಿದ್ದ ಉಮಾ ಸೆರಗು ಬಾಯಿಗೆ ತುರುಕಿಕೊಂಡು ಹೊರಗೋಡಿದಳು. ಬೀಗರು ಅಪಶಕುನವೆಂದು ಎದ್ದರು. ಪವಿತ್ರಾ ಬಿಕ್ಕಿದಳು.

ಗೌಡರು ವೀಳ್ಯ ಹಿಡಿದು ಓಡಿ ಬಂದರು. "ಸೋಮಕ್ಕ, ನೀ ಹಾಡು ಮಾರಾಯ್ತಿ. ಮರ್ಯಾದೆ ಉಳಿಸು."

"ಯಾರ ಮರ್ಯಾದೆ ಗೌಡ್ರೆ?" ಎಂದ ಸೋಮಿ ಆ ವೀಳ್ಯವನ್ನು ತೆಗೆದುಕೊಂಡು ಸ್ಪೀಕರಿನ ಮೇಲಿಟ್ಟಳು. "ಹಾಡುಕೆ ಕರೆದದ್ದು ಇದನ್ನೇ ಅಲ್ದಾ? ಇದಕ್ಕೇ ಕೊಡಿ."

"ಅಜ್ಜೀ..." ಎಂದಳು ಪವಿತ್ರಾ.

ಆ ಒಂದು ಕೂಗಿಗೆ ಸೋಮಿ ಮಂಟಪ ಹತ್ತಿದಳು. ತಕ್ಷಣ ಸುತ್ತಲೂ ಮೊಬೈಲುಗಳು ಮೇಲೆದ್ದವು, ಎಲ್ಲಕ್ಕಿಂತ ಮೊದಲು ಸಂಜಯನದು. ನಾಚಿಕೆಗೆಟ್ಟವರು! ಸೋಮಿ ಎಲ್ಲರನ್ನೂ ಒಮ್ಮೆ ದುರುಗುಟ್ಟಿ ನೋಡಿದಳು. ಪವಿತ್ರಾಳ ತಲೆಯನ್ನು ಎದೆಗೆಳೆದುಕೊಂಡು, ಅವಳ ಕಿವಿಗೆ ಬಾಯಿಟ್ಟು ಹಾಡತೊಡಗಿದಳು. ಪವಿತ್ರಾಳ ಅಳು ನಿಂತಿತು.

ಹಿಂದೆ ಹೇಳಲೆಂದು ನಾನು ಮಗ್ಗುಲಿಗೆ ಹೋಗಿ ಕೂತೆ. ನನಗೂ ಒಂದಕ್ಷರ ಕೇಳಿಸಲಿಲ್ಲ.