ಎರಡು ಜಿಬಿಯಲ್ಲಿ ಚದುರಂಗ

ಏನೂ ಮಾಡದೆ ಸುಮ್ಮನೆ ಕೂತವರಿಗೇ ದಣಿವು ಹೆಚ್ಚು ಎಂದು ನಾನು ಹೇಳಿದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ನನ್ನ ಪರವಾಗಿ ನಾನೇ ವಾದಿಸುತ್ತಿದ್ದೇನೆ ಎಂದುಕೊಳ್ಳುತ್ತಾರೆ. ನನ್ನ ಮಾತಿಗೆ ಸಾಕ್ಷಿ ನನ್ನ ಹಳೆಯ ಲ್ಯಾಪ್‌ಟಾಪ್. ಬೆಳಿಗ್ಗೆ ಅದರ ಗುಂಡಿ ಒತ್ತಿ, ಕಾಫಿ ಕುಡಿದು, ಅಂಗಳದಲ್ಲಿ ಒಣಗಲು ಹಾಕಿದ ಮೆಣಸಿಗೆ ಒಮ್ಮೆ ಕೈಯಾಡಿಸಿ ಬಂದರೂ ಅದರ ಫ್ಯಾನು ಬುಸುಗುಡುತ್ತಲೇ ಇರುತ್ತಿತ್ತು. ಕೆಲಸವನ್ನೇ ಕೊಟ್ಟಿಲ್ಲ, ಆಗಲೇ ಸುಸ್ತು. ಹೊಸ ಆವೃತ್ತಿಯ ಆಪರೇಟಿಂಗ್ ಸಿಸ್ಟಮ್ಮನ್ನು ತಾನಾಗಿ ಇಳಿಸಿಕೊಂಡ ಮೇಲೆ ಅದರ ಸ್ಥಿತಿ ಹೀಗಾಗಿತ್ತು. ನನಗೇನೂ ಅವಸರವಿರಲಿಲ್ಲ. ಅವಸರವಿದ್ದದ್ದು ಅಕ್ಕನಿಗೆ.

ಅಕ್ಕ ಜಯಾವತಿಗೆ ಅರವತ್ತು ದಾಟಿದೆ. ಊರೆಲ್ಲ ಮಲಯಾಳ, ಮನೆಯೊಳಗೆ ಮಾತ್ರ ಕನ್ನಡ ಇರುವ ಕೇಣಿಚಿರದ ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿಗಳ ಯಜಮಾನಿಕೆ ಅವಳದು. ಚದುರಂಗವನ್ನು ಅಪ್ಪ ಕಲಿಸಿದ್ದು ನಮ್ಮಿಬ್ಬರಿಗೂ, ಹತ್ತಿದ್ದು ಅವಳೊಬ್ಬಳಿಗೆ. ನನ್ನನ್ನು ಸೋಲಿಸಿ ಸೋಲಿಸಿ ಅವಳಿಗೆ ಬೇಸರ ಬಂದಿತ್ತು. ಅಷ್ಟರಲ್ಲಿ ಊರಿನ ವಾಯನಶಾಲೆಯವರು, ಅಂದರೆ ಓದುಮನೆಯವರು, ಹೆಂಗಸರಿಗಾಗಿ ಆನ್‌ಲೈನ್ ಚೆಸ್ ಪಂದ್ಯ ಇಟ್ಟರು. ಗೆದ್ದವರಿಗೆ ಒಂದು ಕುಕ್ಕರ್. ಫೋನಿನಲ್ಲಿ ಕಾಯಿಗಳು ಸಾಸಿವೆಯ ಹಾಗೆ ಕಾಣುತ್ತವೆಂದು ಅಕ್ಕ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತಳು.

ಸೆಮಿಫೈನಲ್ ತನಕ ಹೇಗೋ ನಡೆಯಿತು. ಅಲ್ಲಿ, ಆಟ ಬಿಗಿಯಾದ ಹೊತ್ತಿಗೆ, ಪರದೆ ಕಲ್ಲಾಯಿತು.

"ನೋಡು ತಮ್ಮಾ, ಕುದುರೆ ಎತ್ತಿ ಹಿಡ್ಕೊಂಡೇ ಇದ್ದೇನೆ. ಇಳಿಯೂದೇ ಇಲ್ಲ ಅದು. ಇನ್ನು ಎಂತ ಮಾಡೂದು?" ಎಂದಳು ಅಕ್ಕ. ಅವಳ ಗಡಿಯಾರ ಮಾತ್ರ ಓಡುತ್ತಿತ್ತು. ನಾನು ಲ್ಯಾಪ್‌ಟಾಪಿನ ಬೆನ್ನಿಗೆ ಬೀಸಣಿಗೆಯಿಂದ ಗಾಳಿ ಹಾಕಿದೆ. ನನ್ನ ತಾಂತ್ರಿಕ ಜ್ಞಾನ ಅಲ್ಲಿಗೆ ಮುಗಿಯುತ್ತದೆ. ಕುದುರೆ ಕೊನೆಗೂ ಇಳಿದು, ಅಕ್ಕ ಕೂದಲೆಳೆಯಲ್ಲಿ ಗೆದ್ದಳು. ಆದರೆ ಫೈನಲ್‌ನಲ್ಲಿ ಹೀಗಾದರೆ ಗತಿಯೇನು?

ಪಕ್ಕದ ಮನೆಯ ಬೀನಾ ಟೀಚರನ್ನು ಕರೆದೆವು. ಅವರು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಾರೆ. ಕನ್ನಡ ಕಲಿತದ್ದು ನಮ್ಮ ಅಡುಗೆಮನೆಯಲ್ಲಿ, ಆದರೂ ಅಣ್ಣನೆನ್ನಲು ನನ್ನನ್ನು ಚೇಟ್ಟ, ಅಕ್ಕನನ್ನು ಚೇಚಿ ಎಂದೇ ಕರೆಯುವುದು. ಟೀಚರು ಯಾವುದೋ ಕಿಟಕಿ ತೆರೆದು ತೋರಿಸಿದರು. "ಇದಕ್ಕೆ ಇರೂದೇ ಎರಡು ಜಿಬಿ ಮೆಮೊರಿ, ಚೇಟ್ಟಾ. ನೀವು ಎಂತದೂ ತೆರೀಲಿಲ್ಲ, ಸಿಸ್ಟಮ್ ಆಗ್ಲೇ ಮುಕ್ಕಾಲು ತಿಂದು ಕೂತಿದೆ. ಚೇಚಿಯ ಚೆಸ್ಸಿಗೆ ಎಲ್ಲಿ ಜಾಗ?"

"ಒಳಗೆ ಬೇಕಾದಷ್ಟು ಜಾಗ ಖಾಲಿ ಇದೆಯಲ್ಲ?" ಎಂದೆ ನಾನು.

"ಅದು ಡಿಸ್ಕು, ಸಾಮಾನು ಎತ್ತಿಡೂ ಅಟ್ಟ. ಇದು ಮೆಮೊರಿ, ಅಡುಗೆಕಟ್ಟೆ. ಕಟ್ಟೆ ತುಂಬಿದ್ರೆ ಒಂದೊಂದು ಪಾತ್ರೆಗೂ ಅಟ್ಟ ಹತ್ತಿ ಇಳೀಬೇಕು."

ನನಗೆ ಥಟ್ಟನೆ ಅರ್ಥವಾಯಿತು. ಆ ಕ್ಷಣದ ಸಂಭ್ರಮ ಹೇಗೆ ಹೇಳಲಿ? ಲ್ಯಾಪ್‌ಟಾಪ್ ಮುದಿಯಾಗಿರಲಿಲ್ಲ, ಪಾಪ, ಏಣಿ ಹತ್ತಿ ಇಳಿಯುತ್ತಿತ್ತು. ಮನುಷ್ಯರ ಮರೆವನ್ನು ಕುರಿತು ನಮ್ಮ ಹಿರಿಯರು ಎಷ್ಟೋ ಹೇಳಿದ್ದಾರೆ. ನೆನಪಿನ ಜಾಗವೆಲ್ಲ ನೆನಪಿನ ಮೇಲ್ವಿಚಾರಣೆಗೇ ಖರ್ಚಾಗುವ ಕಾಯಿಲೆಯನ್ನು ಯಾರೂ ಹೇಳಿದಂತಿಲ್ಲ. ನನಗೇ ಅದು ಇರಬಹುದೆಂಬ ಗುಮಾನಿ ಹುಟ್ಟಿತು.

ಶನಿವಾರ ಟೀಚರು ಪೆನ್‌ಡ್ರೈವಿನಲ್ಲಿ ಹಗುರವಾದ ಒಂದು ಲಿನಕ್ಸ್ ತಂದರು. ನನ್ನ ಫೋಟೊಗಳನ್ನೆಲ್ಲ ಬೇರೆ ಕಡೆ ಎತ್ತಿಟ್ಟು, ಹಳೆಯ ಸಿಸ್ಟಮ್ಮನ್ನು ಅಳಿಸಿ, ಹೊಸದನ್ನು ಕೂರಿಸಿದರು. ಪರದೆ ಕಪ್ಪಾದಾಗ ನಾನು ಮತ್ತೆ ಬೀಸಣಿಗೆ ಎತ್ತಿಕೊಂಡೆ. ಮತ್ತೆ ಬೆಳಗಿದಾಗ ಟೀಚರು ಅದೇ ಲೆಕ್ಕ ತೋರಿಸಿದರು: ಸಿಸ್ಟಮ್ ಒಂದು ಮೂಲೆಯಲ್ಲಿ ಮುದುರಿ ಕೂತಿತ್ತು, ಕಟ್ಟೆಯೆಲ್ಲ ಖಾಲಿ. ಅಕ್ಕ ಕುದುರೆ ಎತ್ತಿದಳು, ಇಟ್ಟಳು. ಎತ್ತಿದಳು, ಇಟ್ಟಳು. "ಕೊಳ್ಳಾಂ," ಎಂದಳು. ಅವಳು ಮಲಯಾಳದಲ್ಲಿ ಹೊಗಳುವುದು ತೀರಾ ಮೆಚ್ಚಿದರೆ ಮಾತ್ರ.

ಭಾನುವಾರ ಇಳಿಹೊತ್ತಿಗೆ ಫೈನಲ್. ಎದುರಾಳಿ ಕಾಟ್ಟಿಕುಳದ ಸರೋಜಿನಿ ಎಂಬವರು. ಬಟ್ಟೆ ಅಂಗಡಿಯವರು ಎಂಬುದಷ್ಟೇ ಗೊತ್ತು. ಮಿಂಚಿನಂತೆ ಆಡುವವರು. ಅಕ್ಕನೂ ಬಿಡಲಿಲ್ಲ. ನಾನೂ ಟೀಚರೂ ಅವಳ ಬೆನ್ನ ಹಿಂದೆ ನಿಂತಿದ್ದೆವು. ಅಕ್ಕ ರಥ ನಡೆಸಿ ಶಹ, ಅಂದರೆ ಚೆಕ್, ಕೊಟ್ಟಳು. ಆ ಕಡೆಯ ರಾಜನಿಗೆ ಓಡಲು ಒಂದೇ ಮನೆ.

ರಾಜ ಓಡಲಿಲ್ಲ. ಸರೋಜಿನಿಯವರ ಗಡಿಯಾರ ಕರಗತೊಡಗಿತು.

"ಯೋಚನೆ ಮಾಡ್ತಿದ್ದಾರೆ," ಎಂದೆ.

"ಇರೂದು ಒಂದೇ ಮನೆ. ಅದಕ್ಕೆಂತ ಯೋಚನೆ?" ಎಂದಳು ಅಕ್ಕ. ಮುಖ ಪರದೆಯ ಹತ್ತಿರ ತಂದಳು. "ಇವಳದ್ದೂ ಅಟ್ಟ ಹತ್ತಿದೆ."

ಇನ್ನು ಸ್ವಲ್ಪ ಹೊತ್ತು ಕೈಕಟ್ಟಿ ಕೂತರೆ ಸಾಕು, ಅವರ ಸಮಯ ಮುಗಿದು ಕುಕ್ಕರ್ ನಮ್ಮದು. ನಾನು ಹಾಗೆಂದು ಬಾಯಿಬಿಟ್ಟು ಹೇಳಿದೆ ಕೂಡ. ಎದುರಾಳಿಯ ಗಡಿಯಾರದ ಪಕ್ಕದಲ್ಲಿ ಒಂದು ಕೂಡಿಸುವ ಚಿಹ್ನೆ ಇರುತ್ತದೆ. ಒತ್ತಿದರೆ ನಾವೇ ಅವರಿಗೆ ಒಂದಿಷ್ಟು ಸಮಯ ಕೊಟ್ಟಂತೆ. ಅಕ್ಕ ಅದನ್ನು ಒತ್ತಿದಳು. ಗಡಿಯಾರ ಕರಗಿದಂತೆಲ್ಲ ಮತ್ತೆ ಮತ್ತೆ ಒತ್ತಿದಳು, ಕರುವಿಗೆ ಹಾಲು ಬಿಟ್ಟುಕೊಡುವವಳ ತಾಳ್ಮೆಯಲ್ಲಿ.

"ಚೇಚೀ, ಪಂದ್ಯ ಇದು," ಎಂದರು ಟೀಚರು.

"ಹೌದು, ಚೆಸ್ ಪಂದ್ಯ. ಲ್ಯಾಪ್‌ಟಾಪಿನದ್ದಲ್ಲ."

ಎಷ್ಟೋ ಹೊತ್ತಿನ ಮೇಲೆ ಆ ರಾಜ ಅಲುಗಾಡಿ ತನ್ನ ಒಂದೇ ಮನೆಗೆ ಸರಿದ. ಮತ್ತೆ ಶುರುವಾಯಿತು ನೋಡಿ ಆಟ. ನಮ್ಮಲ್ಲಿ ಸೂರ್ಯ ಮುಳುಗುವ ಮೊದಲೇ ಊಟ. ಅಂದು ಅನ್ನ ಆರುತ್ತಿದ್ದರೂ ಯಾರೂ ಏಳಲಿಲ್ಲ. ಕೊನೆಯಲ್ಲಿ ಸರೋಜಿನಿಯವರ ಕಾಲಾಳೊಂದು ನುಸುಳಿ ಹೋಗಿ ರಾಣಿಯಾಯಿತು. ಅಕ್ಕ ಸೋತಳು. ಸೋತವಳ ಮುಖ ಮದುಮಗಳಂತೆ ಕೆಂಪಾಗಿತ್ತು.

ತಟ್ಟೆಯ ಮುಂದೆ ಕೂರುವಷ್ಟರಲ್ಲಿ ಫೋನು ಬಂತು. ಸರೋಜಿನಿಯವರೇ. ಇಬ್ಬರೂ ಮಲಯಾಳದಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದರು. ಪರದೆ ಹೇಗೆ ಕಲ್ಲಾಯಿತು ಎಂದು ಅವರು ಹೇಳುವಾಗ ಅಕ್ಕ ಬಾಯಿತಪ್ಪಿ ಕನ್ನಡದಲ್ಲೇ, "ಅಯ್ಯೋ, ಎಷ್ಟು ಸಂಕಟ ಆಯ್ತೋ ಏನೋ," ಎಂದುಬಿಟ್ಟಳು.

"ನೀವು ನಮ್ಮ ಭಾಷೆಯವ್ರಾ?" ಎಂದಿತು ಆ ಕಡೆಯ ದನಿ. "ಹಾಗಾದ್ರೆ ಬಿಡಿಸಿ ಕೇಳ್ತೇನೆ ಅಕ್ಕಾ. ನಂಗೆ ಟೈಮ್ ಯಾಕೆ ಕೊಟ್ರಿ?"

"ನಿಮ್ಮ ರಾಜ ಎಲ್ಲಿ ಹೋಗ್ತಾನೆ ಅಂತ ಗೊತ್ತಿತ್ತು. ಆಮೇಲೆ ನೀವು ಎಂತ ಮಾಡ್ತೀರಿ ಅಂತ ಗೊತ್ತಿರ್ಲಿಲ್ಲ. ನೋಡ್ಬೇಕಿತ್ತು," ಎಂದಳು ಅಕ್ಕ.

ಮುಂದಿನ ರಜೆಗೆ ಅಕ್ಕ, ಟೀಚರು, ನಾನು ಬಸ್ಸು ಹತ್ತಿ ಕಾಟ್ಟಿಕುಳಕ್ಕೆ ಹೋದೆವು. ಅಂಗಡಿಯ ಹಿಂದಿನ ಕೋಣೆಯಲ್ಲಿ ಟೀಚರು ಸರೋಜಿನಿಯವರ ಲ್ಯಾಪ್‌ಟಾಪಿಗೆ ಹಗುರ ಸಿಸ್ಟಮ್ ಹಾಕಲು ಕೂತರು. ಅದು ಮುಗಿಯುವ ತನಕ ಸುಮ್ಮನಿರುವುದು ಹೇಗೆಂದು ಸರೋಜಿನಿಯವರು ಕಪಾಟಿನಿಂದ ಮರದ ಹಲಗೆ ತೆಗೆದರು. ಅವರೂ ಅಕ್ಕನೂ ಸೀರೆಯ ರಾಶಿಯ ನಡುವೆ ಎದುರುಬದುರು ಕೂತು ಕಾಯಿ ಜೋಡಿಸಿದರು.

"ಆಯ್ತು ಚೇಚೀ, ಈಗ ಕುದುರೆಯ ಹಾಗೆ ಓಡ್ತದೆ, ಬಂದು ನೋಡಿ," ಎಂದು ಟೀಚರು ಎರಡು ಸಲ ಕರೆದರು. ಯಾರೂ ತಲೆಯೆತ್ತಲಿಲ್ಲ.